ಫೇಸಿನ ಮೇಲಿನ ಗುರುತು

ಪುಟ್ಟಿ,

ಬರೆಯುತ್ತಿರುವುದು ನಿನಗೇ. ಆದರೂ ಪತ್ರಿಕೆಗೆ ಕೊಡುತ್ತಿದ್ದೇನೆ. ಗಾಲ್ಫ್ ಆಡುವ ನಿನ್ನ ವಯಸ್ಸಿನ ಎಷ್ಟೋ ಮಕ್ಕಳು ನಿನ್ನಂಥದೇ ಸಂಕಟದಲ್ಲಿದ್ದಾರೆ, ಅವರೂ ಓದಲಿ.

ಮೊನ್ನೆ ನಿನ್ನ ಜೊತೆ ಹದಿನೆಂಟು ಹೋಲೂ ನಡೆದೆ. ಐರನ್ ಹಿಡಿದಾಗ ನಿನ್ನ ಕೈ ಎಷ್ಟು ಚೆನ್ನಾಗಿ ಓಡುತ್ತದೆ! ಡ್ರೈವರ್ ಹಿಡಿದರೆ ಮಾತ್ರ ಒಂದು ಚೆಂಡು ಬಲಗಡೆ ಮರಗಳ ಸಾಲಿಗೆ, ಮುಂದಿನದು ಎಡಗಡೆ ಬೇಲಿಯಾಚೆ, ಇನ್ನೊಂದು ನೆಟ್ಟಗೆ ಆಕಾಶಕ್ಕೆ. ಬೇಲಿ ದಾಟಿದ ಚೆಂಡಿಗೆ ಒಂದು ಪೆನಾಲ್ಟಿ ಸೇರಿಸಿಕೊಂಡು ಮತ್ತೆ ಅದೇ ಟೀಯಿಂದ ಹೊಡೆಯಲು ನಿಂತಾಗ ನಿನ್ನ ಮುಖ ನೋಡಿ ನನಗೆ ಕರುಳು ಚುರ್ರೆಂದಿತು. ವಾಪಸು ಬರುವಾಗ ಕಾರಿನಲ್ಲಿ, "ದೊಡ್ಡಪ್ಪ, ನನ್ನ ಸ್ವಿಂಗೇ ಸರಿಯಿಲ್ಲ, ಪೂರ್ತಿ ಬದಲಾಯಿಸ್ತೀನಿ" ಅಂದೆ. ಬೇಡ ಪುಟ್ಟಿ, ಸ್ವಲ್ಪ ತಡೆ.

ನೀನು ನೀರು ಕುಡಿಯಲು ಹೋಗಿದ್ದಾಗ ನಿನ್ನ ಡ್ರೈವರನ್ನು ತಿರುಗಿಸಿ ನೋಡಿದ್ದೆ. ಫೇಸಿನಲ್ಲಿ ಚೆಂಡು ತಗುಲಿದ ಗುರುತುಗಳು ಹೀಲ್ (ಕೋಲಿನ ಬದಿ) ಕಡೆ ಎರಡು, ಟೋ (ಹೊರಬದಿ) ಕಡೆ ಮೂರು. ನಡುವೆ ಒಂದೂ ಇರಲಿಲ್ಲ. ತಲೆಯ ಮೇಲಿನ ಕಪ್ಪು ಬಣ್ಣದಲ್ಲಿ ಉಗುರಿನಗಲದ ಬಿಳಿ ಗೀರು.

ಡ್ರೈವರಿನ ತಲೆಯ ಭಾರದ ಕೇಂದ್ರ ಫೇಸಿಗಿಂತ ಸಾಕಷ್ಟು ಹಿಂದಿದೆ. ಹಾಗಾಗಿ ಚೆಂಡು ಅಂಚಿಗೆ ತಗುಲಿದರೆ ತಲೆ ಒಂದು ಕಡೆ ತಿರುಗುತ್ತದೆ, ಚೆಂಡು ಅದಕ್ಕೆ ಕಚ್ಚಿಕೊಂಡ ಹಲ್ಲುಚಕ್ರದಂತೆ ಎದುರು ದಿಕ್ಕಿಗೆ ಸುತ್ತುತ್ತದೆ. ಬಲಗೈ ಆಟಗಾರರಿಗೆ ಟೋ ಹೊಡೆತ ಎಡಕ್ಕೆ ಬಾಗುತ್ತದೆ, ಹೀಲ್ ಹೊಡೆತ ಬಲಕ್ಕೆ. ಸ್ವಿಂಗ್ ಒಂದೇ ಇದ್ದರೂ ಹೀಗಾಗುತ್ತದೆ! ನೀನು ಮಾಡಿದ್ದನ್ನು ನೆನಪಿಸಿಕೋ. ಹೀಲಿಗೆ ತಗುಲಿ ಚೆಂಡು ಬಲಕ್ಕೆ ಹೋಯಿತು, ಸ್ವಿಂಗಿನ ದೋಷದಿಂದಾದ ಸ್ಲೈಸ್ ಎಂದುಕೊಂಡು ಗ್ರಿಪ್ ತಿರುಗಿಸಿ ಹಿಡಿದೆ. ಮುಂದಿನದು ಟೋಗೆ ತಗುಲಿತು. ಗ್ರಿಪ್ಪೂ ಟೋವೂ ಸೇರಿ ಚೆಂಡನ್ನು ಬೇಲಿ ದಾಟಿಸಿದವು. ಹೀಗೆ ಒಂದು ತಪ್ಪಿಗೆ ಇನ್ನೊಂದು ತಪ್ಪನ್ನು ತೇಪೆ ಹಾಕುತ್ತ ನಾನು ಎರಡು ವರ್ಷ ಕಳೆದಿದ್ದೇನೆ. ಆ ನೋವು ನಿನಗೆ ಬೇಡ.

ಅಭ್ಯಾಸದ ರೇಂಜಿನಲ್ಲಿ ಚೆನ್ನಾಗಿ ಹೊಡೆಯುವವಳು ಕೋರ್ಸಿನಲ್ಲಿ ಯಾಕೆ ತಪ್ಪುತ್ತೀಯ ಗೊತ್ತೇ? ಮ್ಯಾಟಿನ ರಬ್ಬರ್ ಟೀಯ ಎತ್ತರ ಬದಲಾಗುವುದಿಲ್ಲ. ಮರದ ಟೀಯನ್ನು ನೆಲಕ್ಕೆ ಚುಚ್ಚುವಾಗ ನಿನ್ನದು ಒಂದೊಂದು ಸಲ ಒಂದೊಂದು ಎತ್ತರ. ಆಕಾಶಕ್ಕೆ ಹೋದ ಚೆಂಡೂ ತಲೆಯ ಮೇಲಿನ ಆ ಬಿಳಿ ಗೀರೂ ಅದರಿಂದಲೇ. ಡ್ರೈವರನ್ನು ನೆಲಕ್ಕಿಟ್ಟಾಗ ಸುಮಾರು ಅರ್ಧ ಚೆಂಡು ತಲೆಗಿಂತ ಮೇಲೆ ಕಾಣಬೇಕು. ಟೀಗೆ ಪೆನ್ನಿನಿಂದ ಗೆರೆ ಎಳೆದುಕೋ, ಆ ಗೆರೆಯವರೆಗೇ ಚುಚ್ಚು. ಇನ್ನೊಂದು ವಿಷಯ ನಿಲ್ಲುವ ದೂರ. ಹನ್ನೆರಡನೇ ಹೋಲಿನ ನಂತರ ದಣಿದು ನಿನ್ನ ಭಾರ ಮುಂಗಾಲಿಗೆ ಬಂದಿತ್ತು, ಚೆಂಡಿಗೆ ತೀರ ಹತ್ತಿರ ನಿಲ್ಲುತ್ತಿದ್ದೆ. 45 ಇಂಚಿನ ಕೋಲಿದು, ಅರ್ಧ ಇಂಚು ಸರಿದರೂ ಕ್ಷಮಿಸುವುದಿಲ್ಲ. ಹಿಡಿಕೆಯ ತುದಿಗೂ ತೊಡೆಗೂ ನಡುವಿನ ಅಂತರವನ್ನು ಗೇಣು ಹಾಕಿ ನೋಡಿಕೋ, ಪ್ರತಿ ಸಲ ಅಷ್ಟೇ ಇರಲಿ.

ಈ ವಾರ ಮನೆಪಾಠ ಒಂದೇ. ಚೆಂಡಿನ ಹಿಂಬದಿಗೆ ವೈಟ್‌ಬೋರ್ಡ್ ಮಾರ್ಕರಿನಿಂದ ದಪ್ಪ ಚುಕ್ಕಿ ಇಡು, ಮುಕ್ಕಾಲು ವೇಗದಲ್ಲಿ ಹೊಡೆ. ಚೆಂಡು ಎಲ್ಲಿ ಬಿತ್ತೆಂದು ನೋಡಬೇಡ, ಫೇಸಿನ ಮೇಲೆ ಚುಕ್ಕಿ ಎಲ್ಲಿ ಮೂಡಿತೆಂದು ನೋಡು. ಒರೆಸು, ಮತ್ತೆ ಹೊಡೆ. ಹತ್ತರಲ್ಲಿ ಏಳು ನಡುವೆ ಬಂದ ಮೇಲೂ ಚೆಂಡು ಒಂದೇ ಕಡೆ ಹೋಗುತ್ತಿದ್ದರೆ ಆಗ ಕೋಚ್ ಹತ್ತಿರ ಗ್ರಿಪ್ ತೋರಿಸು. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಫೇಸ್ ನೋಡುತ್ತಿರುವ ದಿಕ್ಕೇ, ಆ ಫೇಸನ್ನು ತಿರುಗಿಸುವುದು ಗ್ರಿಪ್.

ದೂರ ಸಾಲದೆಂಬ ಚಿಂತೆ ನಿನಗಿದೆ, ಗೊತ್ತು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ಆಡಿದ್ದು ನೋಡಿದ್ದೀಯಲ್ಲ? ಅವಳ ಡ್ರೈವ್ ಜೊತೆಯವರಿಗಿಂತ ಎಷ್ಟೋ ಹಿಂದೆ ಬೀಳುತ್ತಿತ್ತು. ಆದರೂ ನಾಲ್ಕನೇ ಸ್ಥಾನ, ಕಂಚು ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ಕಿರಿದಾದ ಹೋಲಿನಲ್ಲಿ ನೀನು ಡ್ರೈವರ್ ಬದಲು 3-ವುಡ್ ತೆಗೆದರೆ ಯಾರೂ ನಗುವುದಿಲ್ಲ.

ಭಾನುವಾರ ಬೆಳಗ್ಗೆ ಆರಕ್ಕೆ ರೇಂಜಿನಲ್ಲಿರುತ್ತೇನೆ. ಮಾರ್ಕರ್ ನಾನು ತರುತ್ತೇನೆ, ಒಂದು ಹಳೇ ಬಟ್ಟೆ ನೀನು ತಾ.

ನಿನ್ನ
ದೊಡ್ಡಪ್ಪ