ವಾಹನದಲ್ಲಿ ಹಸು ಸಾಗಿಸುವಾಗ: ಕಟ್ಟುವ ಕ್ರಮದಲ್ಲೇ ಇದೆ ಅದರ ಜೀವ



ಒಮ್ಮೆ ಬೆಳಗಿನ ಜಾವ ಸದಸ್ಯರೊಬ್ಬರು ನನ್ನನ್ನು ಕರೆಸಿಕೊಂಡರು. ಸಂತೆಯಿಂದ ತಂದ ಎರಡನೇ ಸೂಲಿನ ಮಿಶ್ರತಳಿ ಹಸು ಟೆಂಪೋದಲ್ಲೇ ಸತ್ತುಬಿದ್ದಿತ್ತು. ಕಾಯಿಲೆ ಏನೂ ಇರಲಿಲ್ಲ. ಕೊರಳಿಗೆ ಉರುಳುಗಂಟು ಹಾಕಿ ಹಗ್ಗವನ್ನು ಕಂಬಿಗೆ ಕಟ್ಟಿದ್ದರು. ತಿರುವಿನಲ್ಲಿ ಚಾಲಕ ಬ್ರೇಕ್ ಹಾಕಿದಾಗ ಹಸು ಜಾರಿ ಬಿದ್ದಿತು, ಅದರ ಭಾರಕ್ಕೇ ಉರುಳು ಬಿಗಿಯಿತು. ಹಿಂದೆ ಹಸುವಿನ ಜೊತೆ ಯಾರೂ ಇರಲಿಲ್ಲ. ಸಾಲ ಮಾತ್ರ ಉಳಿಯಿತು.

ನಾನೂರು ಕಿಲೋ ತೂಗುವ ಹಸು ಓಡುವ ವಾಹನದಲ್ಲಿ ನಾಲ್ಕು ಕಾಲೂರಿ ನಿಲ್ಲಬೇಕು. ಅದಕ್ಕೆ ಬೇಕಾದುದು ಬಿಗಿಯಾದ ಕಟ್ಟಲ್ಲ, ಸರಿಯಾದ ಕಟ್ಟು. ಈ ಕೆಳಗಿನ ಅಂಶಗಳನ್ನು ಗಮನಿಸಿ.

1. ಹೊರಡುವ ಮುನ್ನ: ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಪ್ರಯಾಣಕ್ಕೆ ಯೋಗ್ಯವೆಂಬ ಪ್ರಮಾಣಪತ್ರ ಪಡೆಯಿರಿ. ಕಿವಿಯೋಲೆಯ 12 ಅಂಕಿಯ ಸಂಖ್ಯೆಯನ್ನೂ ಖರೀದಿ ಚೀಟಿಯನ್ನೂ ಜೊತೆಯಲ್ಲಿಡಿ. ಗರ್ಭದ ಕೊನೆಯ ತಿಂಗಳಲ್ಲಿರುವ ಹಸುವನ್ನು ಸಾಗಿಸಬೇಡಿ. ಹಾಲು ಕರೆದು, ನೀರು ಕುಡಿಸಿ, ಹೊಟ್ಟೆ ಬಿರಿಯುವಷ್ಟು ಮೇವು ಹಾಕದೆ ಹೊರಡಿಸಿ. ವಿಮೆ ಇದ್ದರೆ ಸಾಗಣೆಯಲ್ಲಾಗುವ ನಷ್ಟವೂ ಅದರಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

2. ವಾಹನ: ತಗಡಿನ ನೆಲದ ಮೇಲೆ ಗೊರಸು ನಿಲ್ಲುವುದಿಲ್ಲ. ತೆಂಗಿನ ನಾರಿನ ಚಾಪೆ ಅಥವಾ ಮರದ ಹಲಗೆ ಹಾಸಿ, ಮೇಲೆ ಹುಲ್ಲು ಹರಡಿ. ಪಕ್ಕದ ತಡೆ ಗಿಡ್ಡವಿದ್ದರೆ ಬಿದಿರು ಗಳ ಕಟ್ಟಿ ಎತ್ತರಿಸಿ. ಚೂಪಾದ ಕಬ್ಬಿಣದ ಅಂಚುಗಳಿಗೆ ಹುಲ್ಲು ತುಂಬಿದ ಗೋಣಿಚೀಲ ಕಟ್ಟಿ. ದೊಡ್ಡ ವಾಹನದಲ್ಲಿ ಒಂದೇ ಹಸುವಿದ್ದರೆ ಅಡ್ಡ ಗಳ ಕಟ್ಟಿ ಜಾಗ ಕಿರಿದು ಮಾಡಿ, ಇಲ್ಲದಿದ್ದರೆ ಅದು ಅತ್ತಿಂದಿತ್ತ ಎಸೆಯಲ್ಪಡುತ್ತದೆ.

3. ಕಟ್ಟುವ ಕ್ರಮ: ಮೂಗುದಾರವನ್ನು ಕಂಬಿಗೆ ಕಟ್ಟಲೇಬೇಡಿ, ಜಗ್ಗಿದರೆ ಮೂಗು ಹರಿಯುತ್ತದೆ. ಕೊರಳಿಗೆ ಉರುಳುಗಂಟೂ ಬೇಡ. ಕಿವಿಯ ಹಿಂದಿನಿಂದ ಮೂತಿಯ ಸುತ್ತ ಬರುವಂತೆ ಮುಖಕ್ಕೆ ದಪ್ಪ ಹತ್ತಿ ಹಗ್ಗ ಹಾಕಿ. ಹಸುವಿನ ತಲೆ ಚಾಲಕನ ಕಡೆಗಿರಲಿ. ತಲೆಯನ್ನು ಸಹಜವಾಗಿ ತಗ್ಗಿಸಲು ಬೇಕಾದಷ್ಟು ಹಗ್ಗ ಬಿಡಿ, ಕಾಲು ಸಿಕ್ಕಿಕೊಳ್ಳುವಷ್ಟು ಉದ್ದ ಬಿಡಬೇಡಿ. ಕಂಬಿಗೆ ಹಾಕುವುದು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟಾಗಿರಲಿ. ಕಾಲುಗಳನ್ನು ಕಟ್ಟಿ ಕೆಡವಿ ಸಾಗಿಸುವುದು ಕ್ರೌರ್ಯ. ಮಗ್ಗುಲಾಗಿ ಬಿದ್ದ ಹಸುವಿಗೆ ಹೊಟ್ಟೆಯುಬ್ಬರವಾಗಿ ಉಸಿರು ಕಟ್ಟುತ್ತದೆ. ಕರುವನ್ನು ತಾಯಿಯ ಕಾಲ ಬಳಿ ಬಿಡದೆ, ಅದಕ್ಕೆ ಕಾಣುವಂತೆ ಅಡ್ಡ ಗಳದಾಚೆ ನಿಲ್ಲಿಸಿ.

4. ಹತ್ತಿಸುವುದು, ಇಳಿಸುವುದು: ವಾಹನವನ್ನು ಮಣ್ಣುದಿಬ್ಬಕ್ಕೆ ಒತ್ತಿ ನಿಲ್ಲಿಸಿ ಅಥವಾ ಗಟ್ಟಿ ಹಲಗೆಯ ಇಳಿಜಾರು ಮಾಡಿ. ಬಾಲ ತಿರುಚಬೇಡಿ, ಎತ್ತರದಿಂದ ಧುಮುಕಿಸಬೇಡಿ. ಸೊಂಟದ ಕೀಲು ತಪ್ಪಿದ ಹಸು ಮತ್ತೆ ಎದ್ದು ನಿಲ್ಲುವುದು ಕಷ್ಟ.

5. ದಾರಿಯಲ್ಲಿ: ಹಸುವಿನ ಜೊತೆ ಒಬ್ಬರು ಇರಲೇಬೇಕು. ಮಿಶ್ರತಳಿ ಹಸು ಬಿಸಿಲು ತಾಳುವುದಿಲ್ಲ, ಆದ್ದರಿಂದ ಬೇಸಿಗೆಯಲ್ಲಿ ತಂಪು ಹೊತ್ತಿನಲ್ಲೇ ಹೊರಡಿ. ಮೊದಲ ಅರ್ಧ ಗಂಟೆಯಲ್ಲೊಮ್ಮೆ ನಿಲ್ಲಿಸಿ ಗಂಟು, ಕಾಲು, ಹಾಸು ನೋಡಿ. ಹಸು ಬಿದ್ದರೆ ಮೊದಲು ತಲೆಯ ಹಗ್ಗ ಬಿಚ್ಚಿ, ನಂತರ ಎದೆಯೂರಿ ಕೂರುವಂತೆ ಆಸರೆ ಕೊಡಿ. ಮಲಗಿದ ಹಸುವಿನ ಬಾಯಿಗೆ ನೀರು ಹೊಯ್ದರೆ ಶ್ವಾಸಕೋಶಕ್ಕೆ ಹೋದೀತು.

ಕಾನೂನೂ ಇದನ್ನೇ ಹೇಳುತ್ತದೆ. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಲಾರಿಯಲ್ಲಿ 6ಕ್ಕಿಂತ ಹೆಚ್ಚು ದನ ತುಂಬುವಂತಿಲ್ಲ, ಜೊತೆಗೆ ಬೇರೆ ಸರಕು ಹೇರುವಂತಿಲ್ಲ. 2015ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳು ಪ್ರತಿ ಹಸು ಅಥವಾ ಎಮ್ಮೆಗೆ 2 ಚದರ ಮೀಟರ್ ಜಾಗ ನಿಗದಿಪಡಿಸಿವೆ.

ಮನೆಗೆ ಬಂದ ಹಸುವಿಗೆ ನೀರು, ನೆರಳು, ವಿಶ್ರಾಂತಿ ಕೊಡಿ. ಮೂರು ವಾರ ನಿಮ್ಮ ಉಳಿದ ರಾಸುಗಳಿಂದ ದೂರ ಕಟ್ಟಿ. ಒಂದೆರಡು ದಿನ ಹಾಲು ಕಡಿಮೆಯಾದರೆ ಗಾಬರಿ ಬೇಡ. ಮೇವು ಬಿಟ್ಟರೆ ಅಥವಾ ಜ್ವರ ಬಂದರೆ ಪಶುವೈದ್ಯರಿಗೆ ತಿಳಿಸಿ.

ಸಂತೆಯಲ್ಲಿ ಹಸುವಿನ ಹಲ್ಲು, ಕೆಚ್ಚಲು ನೋಡಲು ಅರ್ಧ ದಿನ ಕಳೆಯುತ್ತೇವೆ. ವಾಹನಕ್ಕೆ ಹತ್ತಿಸಿದ ಮೇಲೆ ಹಗ್ಗದ ಗಂಟು ನೋಡಲು ಐದು ನಿಮಿಷ ಸಾಕು. ಆ ಐದು ನಿಮಿಷವನ್ನು ಚಾಲಕನಿಗೆ ಬಿಡದೆ ನೀವೇ ಕೊಡಿ.