ಮೊದಲ ಮದುವೆ, ಉಳಿದದ್ದು 280 ರೂಪಾಯಿ

ಮದುವೆ ಫೋಟೋಗ್ರಫಿಯಲ್ಲಿ ಅಸಿಸ್ಟೆಂಟ್ ಎಂಬ ಒಂದೇ ಹೆಸರಿಗೆ ಎರಡು ಕೆಲಸಗಳಿವೆ. ಒಂದು, ಮುಖ್ಯ ಫೋಟೋಗ್ರಾಫರ್ ಹಿಂದೆ ಲೈಟ್ ಹಿಡಿದು, ಬ್ಯಾಗ್ ಕಾದು, ಕಾರ್ಡ್ ಬದಲಿಸಿಕೊಡುವುದು. ಇನ್ನೊಂದು, ತಾನೇ ಕ್ಯಾಮೆರಾ ಹಿಡಿದು ಮಂಟಪದ ಇನ್ನೊಂದು ಬದಿಯಿಂದ ತೆಗೆಯುವ ಸೆಕೆಂಡ್ ಶೂಟರ್ ಕೆಲಸ. ಲೈಟ್ ಹಿಡಿಯುವವರ ಕೈಯಿಂದ ಹೋಗುವುದು ಓಡಾಟದ ಖರ್ಚು ಮಾತ್ರ. ಸೆಕೆಂಡ್ ಶೂಟರ್‌ಗೆ ಸಂಭಾವನೆ ಹೆಚ್ಚು, ಜೊತೆಗೆ ಸಲಕರಣೆಯ ಹೊರೆಯೂ ತಲೆಗೆ ಬೀಳಬಹುದು. ಹಾಗಾಗಿ ಸ್ಟುಡಿಯೋದಿಂದ ಕರೆ ಬಂದಾಗ ದುಡ್ಡಿನ ಮಾತಿಗೆ ಮೊದಲೇ ಕೇಳಬೇಕಾದದ್ದು, “ಬಾಡಿ, ಲೆನ್ಸ್ ಯಾರದ್ದು ಸರ್?”

‘ಒಂದು ದಿನ’ ಎಂದರೆ ಎಷ್ಟು ಹೊತ್ತು ಎಂಬುದೂ ಆಗಲೇ ಇತ್ಯರ್ಥವಾಗಬೇಕು. ಕರ್ನಾಟಕದ ಛತ್ರಗಳಲ್ಲಿ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಮುಹೂರ್ತ ಎಂಬ ಕ್ರಮ ಈಗ ಸಾಮಾನ್ಯ. ಇದನ್ನು ಒಂದು ಫಂಕ್ಷನ್ ಎಂದು ಲೆಕ್ಕ ಹಾಕುವ ಸ್ಟುಡಿಯೋಗಳಿವೆ, ಎರಡು ದಿನ ಎಂದು ಕೊಡುವವರೂ ಇದ್ದಾರೆ. ಲೆನ್ಸ್ ಬಾಡಿಗೆಗೆ ಕೊಡುವವರ ಲೆಕ್ಕವಂತೂ ಗಡಿಯಾರದ್ದು: 24 ಗಂಟೆ ದಾಟಿತೋ, ಎರಡನೇ ದಿನ.

ಈ ಅಂಕಣಗಾರ್ತಿಯ ಮೊದಲ ಮದುವೆ ಬೆಂಗಳೂರಿನಲ್ಲಿ, 2,500 ರೂಪಾಯಿಗೆ. ಬಾಡಿ ಸ್ಟುಡಿಯೋದ್ದು, ಲೆನ್ಸ್ ತಾನೇ ತರಬೇಕು. ಶನಿವಾರ ಮಧ್ಯಾಹ್ನ ಮೂರಕ್ಕೆ ತಂದ 85 ಎಂಎಂ ಲೆನ್ಸ್ ಹಿಂದಿರುಗಿದ್ದು ಭಾನುವಾರ ಸಂಜೆ ಐದಕ್ಕೆ. ಎರಡು ಗಂಟೆ ತಡವಾಗಿದ್ದಕ್ಕೆ 500ರ ಜಾಗದಲ್ಲಿ 1,000. ಫ್ಲ್ಯಾಶ್‌ಗೆ ಎಂಟು ಸಾದಾ ಸೆಲ್, 240. ಹೋಗುವಾಗ ಶಕ್ತಿ ಯೋಜನೆಯ ಪುಣ್ಯದಿಂದ ಬಿಎಂಟಿಸಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಆದರೆ ರಾತ್ರಿ ಆರತಕ್ಷತೆ ಮುಗಿಯುವಷ್ಟರಲ್ಲಿ ಬಸ್ ಇರಲಿಲ್ಲ, ಆಟೋಗೆ 380. ಬೆಳಗ್ಗೆ ಪುರೋಹಿತರು “ಗಟ್ಟಿಮೇಳ, ಗಟ್ಟಿಮೇಳ” ಎಂದದ್ದೇ ತಡ, ಛತ್ರಕ್ಕೆ ಛತ್ರವೇ ಅಕ್ಷತೆ ಹಿಡಿದು ಮಂಟಪಕ್ಕೆ ನುಗ್ಗಿತು. ಆ ನೂಕಾಟದಲ್ಲಿ ಲೆನ್ಸಿನ ಹುಡ್ ಬಿತ್ತು. ಕಸ ಗುಡಿಸುವ ಅಮ್ಮ ಅಕ್ಷತೆ ರಾಶಿಯಿಂದ ಅದನ್ನು ಆರಿಸಿ ಕೊಟ್ಟರು, ಎರಡು ಹೋಳಾಗಿ. ಲೆನ್ಸ್ ಬಾಡಿಗೆಗೆ ಕೊಟ್ಟವರು ಡಿಪಾಸಿಟ್‌ನಲ್ಲಿ 600 ಮುರಿದುಕೊಂಡರು. ಒಟ್ಟು ಖರ್ಚು 2,220, ಕೈಗೆ ಉಳಿದದ್ದು 280.

ಇಂಥ ಲೆಕ್ಕ ಕಂಡವರಿಗೆ ‘ಸ್ವಂತ ಕ್ಯಾಮೆರಾ ತಗೊಂಡುಬಿಡೋಣ’ ಅನಿಸುವುದು ಸಹಜ. ಎಡವುವುದೂ ಅಲ್ಲೇ. 1,20,000 ರೂಪಾಯಿಯನ್ನು ಶೇ 15ರ ಬಡ್ಡಿಗೆ 24 ತಿಂಗಳ ಸಾಲವಾಗಿ ಪಡೆದರೆ ಕಂತು ಸುಮಾರು 5,820. ಮದುವೆಗೆ 2,500ರಂತೆ ಸಿಕ್ಕರೂ ಕಂತು ತುಂಬಿಸಲು ತಿಂಗಳಿಗೆ ಮೂರು ಮದುವೆ ಬೇಕು, ಊಟ-ಓಡಾಟದ ಮಾತು ಆಮೇಲೆ. ಕಂತಿಗೆ ಆಷಾಢವಿಲ್ಲ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ ಹಿಂದೂ ಮದುವೆಗಳು ಬಹುತೇಕ ನಿಲ್ಲುತ್ತವೆ. 2026ರ ಪಂಚಾಂಗದಲ್ಲಂತೂ ಮೇ-ಜೂನ್ ನಡುವೆ ಅಧಿಕ ಜ್ಯೇಷ್ಠ ಬಂದು ಇನ್ನೊಂದು ತಿಂಗಳು ಕಳೆಯುತ್ತದೆ. ‘ನೋ ಕಾಸ್ಟ್ ಇಎಂಐ’ ಎಂಬುದರಲ್ಲೂ ಬಡ್ಡಿಯ ಭಾಗದ ಮೇಲೆ ಶೇ 18 ಜಿಎಸ್‌ಟಿ, ಜೊತೆಗೆ ಪ್ರೊಸೆಸಿಂಗ್ ಶುಲ್ಕ ಬೀಳುವುದುಂಟು. ಮೊದಲ ಹತ್ತು ಮದುವೆಗಳಿಗೆ ಬಾಡಿಗೆಯೇ ಲೇಸು. ಯಾವ ಲೆನ್ಸ್ ನಿಜಕ್ಕೂ ಕೈಗೆ ಒಗ್ಗುತ್ತದೆ ಎಂಬುದು ಅಷ್ಟರಲ್ಲಿ ತಿಳಿಯುತ್ತದೆ.

ಮೊದಲೇ ಕೊಳ್ಳಬೇಕಾದದ್ದು ಸಣ್ಣ ಸಾಮಾನು. ರೀಚಾರ್ಜ್ ಆಗುವ ಎಂಟು ಎಎ ಸೆಲ್ ಮತ್ತು ಚಾರ್ಜರ್, ಎರಡು ಮೆಮೊರಿ ಕಾರ್ಡ್, ಸದ್ದು ಮಾಡದ ಚಪ್ಪಲಿ. 24 ಮೆಗಾಪಿಕ್ಸೆಲ್‌ನ ಒಂದು ರಾ ಫೈಲ್ 25 ಎಂಬಿ ಎಂದಿಟ್ಟುಕೊಂಡರೆ 64 ಜಿಬಿ ಕಾರ್ಡಿನಲ್ಲಿ ಸುಮಾರು 2,500 ಚಿತ್ರ ಹಿಡಿಯುತ್ತವೆ. ಎರಡು ಕಾರ್ಡಿದ್ದರೆ ಧೈರ್ಯ. ದುಡ್ಡಿಲ್ಲದೆ ಆಗುವ ತಯಾರಿಯೂ ಇದೆ. ಕ್ಯಾಮೆರಾದ ಗಡಿಯಾರವನ್ನು ಮುಖ್ಯ ಫೋಟೋಗ್ರಾಫರ್‌ನ ಕ್ಯಾಮೆರಾಕ್ಕೆ ಹೊಂದಿಸಿಕೊಳ್ಳಬೇಕು, ಇಲ್ಲದಿದ್ದರೆ ಆಲ್ಬಂ ಜೋಡಿಸುವಾಗ ತಾಳಿ ಕಟ್ಟಿದ ಮೇಲೆ ಅಂತರಪಟ ಬರುತ್ತದೆ. ಭಾರತದ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಚಿತ್ರದಲ್ಲಿ ಪಟ್ಟೆ ಕಂಡರೆ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಳಿಸಿ ನೋಡಬೇಕು. ಶಾಸ್ತ್ರಗಳ ಕ್ರಮ ಮನೆತನದಿಂದ ಮನೆತನಕ್ಕೆ ಬೇರೆ. ಅದನ್ನು ಪುರೋಹಿತರನ್ನೋ ಮನೆಯ ಹಿರಿಯರನ್ನೋ ಮೊದಲೇ ಕೇಳಿ ಬರೆದಿಟ್ಟುಕೊಳ್ಳುವುದು ವಾಸಿ.

ಹಣ ಬರುವ ಹೊತ್ತು ಬೇರೆಯದೇ ಕಥೆ. “ಆಲ್ಬಂ ಕೊಟ್ಮೇಲೆ ಸೆಟ್ಲ್ ಮಾಡೋಣ” ಎಂಬುದು ಈ ಕಸುಬಿನ ಹಳೇ ಮಾತು. ಆಲ್ಬಂಗೆ ಚಿತ್ರ ಆರಿಸಿಕೊಡುವವರು ಮದುಮಕ್ಕಳು, ಅವರು ಆರಿಸುವುದು ತಿಂಗಳುಗಟ್ಟಲೆ. ಅಸಿಸ್ಟೆಂಟ್‌ನ ಸಂಬಳ ಅದಕ್ಕೆ ತಗುಲಿಕೊಳ್ಳಬಾರದು. ದಿನಾಂಕ, ಹೊತ್ತು, ಮೊತ್ತ, ಅಡ್ವಾನ್ಸ್, ಬಾಕಿ ಕೊಡುವ ದಿನ, ಸಲಕರಣೆ ಹಾಳಾದರೆ ಯಾರ ಖರ್ಚು ಎಂಬಷ್ಟನ್ನು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ, “ಸರಿ” ಎಂಬ ಉತ್ತರ ಪಡೆದರೆ ಆಮೇಲೆ ತೋರಿಸಲು ಒಂದು ದಾಖಲೆ ಇರುತ್ತದೆ. ಬಂದ ಹಣಕ್ಕೆ ಬೇರೆ ಉಳಿತಾಯ ಖಾತೆ ಇಟ್ಟರೆ ಮನೆಯ ಯುಪಿಐ ವಹಿವಾಟಿನೊಂದಿಗೆ ಬೆರೆಯದು. ಸ್ಟುಡಿಯೋ ಟಿಡಿಎಸ್ ಹಿಡಿದಿದ್ದರೆ, ತೆರಿಗೆ ಬೀಳುವಷ್ಟು ಆದಾಯವಿಲ್ಲದವರು ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಕರ್ನಾಟಕದಲ್ಲಿ ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ, ಹೊಸಬರಿಗೆ ಅದು ದೂರದ ಮಾತು.

ತೆಗೆದ ಚಿತ್ರಗಳ ವಿಷಯ ಕೊನೆಗೆ. 1957ರ ಹಕ್ಕುಸ್ವಾಮ್ಯ ಕಾಯಿದೆಯ 17ನೇ ಕಲಮಿನಂತೆ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದು. ಹಾಗಾಗಿ ಮುಂದಿನ ಕೆಲಸ ಹುಡುಕಲು ತೋರಿಸಿಕೊಳ್ಳುವ ಹತ್ತು ಚಿತ್ರಗಳಿಗೂ ಸ್ಟುಡಿಯೋ ಮತ್ತು ಮದುಮಕ್ಕಳ ಒಪ್ಪಿಗೆ ಬೇಕು, ಅದನ್ನೂ ಆ ವಾಟ್ಸ್ಆ್ಯಪ್ ಸಂದೇಶದಲ್ಲೇ ಒಂದು ಸಾಲಾಗಿ ಕೇಳಿಬಿಡಬಹುದು.