ಮನೆಯಲ್ಲಿ ಹಾಡು ಮತ್ತು ಚಲನೆ: ನಾಲ್ಕು ವರ್ಷದ ಮಗುವಿನೊಂದಿಗೆ ಎರಡು ವಾರ

ಹಿನ್ನೆಲೆ

ಬಿ.ಇಡಿ. ಪಠ್ಯಕ್ರಮದ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ವಿಷಯದ ಪ್ರಾಯೋಗಿಕ ಕಾರ್ಯಕ್ಕೆ ನಾನು ಸಂಗೀತವನ್ನು ಆರಿಸಿಕೊಂಡಾಗ ಸಹಪಾಠಿಗಳು ನಕ್ಕರು. ನಾನು ಭೌತಶಾಸ್ತ್ರ ಓದಿದವನು, ಹಾಡುವವನಲ್ಲ. ಐದನೇ ತರಗತಿಯಲ್ಲಿದ್ದಾಗ ಪ್ರಾರ್ಥನೆಯ ಸಾಲಿನಲ್ಲಿ ಶಿಕ್ಷಕರೊಬ್ಬರು “ನೀನು ಸುಮ್ನೆ ಬಾಯಿ ಆಡಿಸು, ದನಿ ತೆಗೀಬೇಡ” ಎಂದಿದ್ದರು. ಅಲ್ಲಿಂದೀಚೆಗೆ ಹದಿನೈದು ವರ್ಷ ಬಾಯಿ ಆಡಿಸುತ್ತಲೇ ಬಂದಿದ್ದೆ.

ದಸರಾ ರಜೆಗೆ ಅಕ್ಕನ ನಾಲ್ಕು ವರ್ಷದ ಮಗಳು ಮನೆಗೆ ಬಂದಿದ್ದಳು. ಮೊಬೈಲಿನಲ್ಲಿ ಹಾಡು ಹಾಕದಿದ್ದರೆ ಅವಳ ಬಾಯಿಗೆ ತುತ್ತು ಇಳಿಯುತ್ತಿರಲಿಲ್ಲ. ಅಷ್ಟೆಲ್ಲ ಹಾಡು ಕೇಳಿದರೂ ಅವಳು ಒಂದನ್ನೂ ಹಾಡುತ್ತಿರಲಿಲ್ಲ.

ಉದ್ದೇಶ ಮತ್ತು ಸಾಮಗ್ರಿ

ದಿನಕ್ಕೆ ಹತ್ತು ನಿಮಿಷ ಮಗುವಿನೊಂದಿಗೆ ಹಾಡಿ, ಕುಣಿದು, ಕೇಳುವ ಮಗು ಹಾಡುವ ಮಗುವಾಗಲು ಏನು ಬೇಕೆಂದು ನೋಡುವುದು ಉದ್ದೇಶ. ಸಾಮಗ್ರಿಗಳು: ಎರಡು ಮರದ ಸೌಟು, ಒಂದು ಸ್ಟೀಲ್ ಡಬ್ಬ, ಅರ್ಧ ರಾಗಿ ತುಂಬಿದ ಪ್ಲಾಸ್ಟಿಕ್ ಬಾಟಲಿ, ಅಮ್ಮನ ಹಳೆಯ ಸೀರೆ.

ಮೊದಲ ವಾರ: ನನ್ನ ತಪ್ಪುಗಳು

ಮೊದಲನೆಯದು ವೇಗ. ನಾನು ನಿಧಾನವಾಗಿ ತಾಳ ಹಾಕಿ ಅವಳಿಗೂ ಹಾಗೇ ಹಾಕಲು ಹೇಳಿದೆ. ಅವಳ ಚಪ್ಪಾಳೆ ಪ್ರತಿ ಸಲವೂ ಓಡಿ ಮುಂದೆ ಹೋಯಿತು. ಚಿಕ್ಕ ಮಕ್ಕಳ ಸಹಜ ಲಯ ದೊಡ್ಡವರದಕ್ಕಿಂತ ಚುರುಕು ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ.

ಎರಡನೆಯದು ಶ್ರುತಿ. ವಯಸ್ಕ ಗಂಡಸಿನ ಮಾತಿನ ದನಿ ಸುಮಾರು 100ರಿಂದ 150 ಹರ್ಟ್ಸ್. ಚಿಕ್ಕ ಮಗುವಿನದು 250ರಿಂದ 300ರ ಆಸುಪಾಸು. ನನ್ನ ದನಿಗೆ ಅವಳು ಇಳಿಯಲು ಹೋದಾಗ ಬರೀ ಗೊಗ್ಗರು ಸದ್ದು ಬರುತ್ತಿತ್ತು. ಏರಬೇಕಾದವನು ನಾನೇ ಆಗಿದ್ದೆ.

ಮೂರನೆಯದು ದೊಡ್ಡ ತಪ್ಪು. ನಾಲ್ಕನೇ ದಿನ ಅವಳು ತಾನಾಗಿಯೇ ಒಂದು ಸಾಲು ಗುನುಗಿದಳು. ರಾಗ ತಪ್ಪಿತ್ತು. “ಹಾಗಲ್ಲ ಪುಟ್ಟಿ, ಹೀಗೆ” ಎಂದುಬಿಟ್ಟೆ. ಅವಳು ನನ್ನ ಮುಖ ನೋಡಿ ಸುಮ್ಮನಾದಳು. ಮುಂದಿನ ಎರಡು ದಿನ ಸೌಟನ್ನೂ ಮುಟ್ಟಲಿಲ್ಲ. ಆ ರಾತ್ರಿ ದಿನಚರಿ ಬರೆಯುವಾಗ ನನ್ನ ಪ್ರಾರ್ಥನೆಯ ಸಾಲು ನೆನಪಾಯಿತು. ನನ್ನ ಶಿಕ್ಷಕರು ಹೇಳಿದ್ದನ್ನೇ ನಾನೂ ಹೇಳಿದ್ದೆ, ಸ್ವಲ್ಪ ಮೆತ್ತಗೆ.

ಎರಡನೇ ವಾರ: ಜೋಲಿ

ದಾರಿ ತೋರಿಸಿದವರು ಅಮ್ಮ. “ಅವಳಿಗೆ ಪಾಠ ಮಾಡ್ಬೇಡ್ವೋ, ಕೈಗೊಂದು ಕೆಲಸ ಕೊಡು” ಎಂದು ಸೀರೆಯನ್ನು ತೊಲೆಯ ಕೊಂಡಿಗೆ ಕಟ್ಟಿ, ಗೊಂಬೆ ಮಲಗಿಸಿ, ತಾವು ಹೂ ಕಟ್ಟುತ್ತ ಜೋಗುಳ ಹೇಳತೊಡಗಿದರು. ಮಗು ಜೋಲಿ ತೂಗಿತು. ಸ್ವಲ್ಪ ಹೊತ್ತಿನಲ್ಲಿ ಅದರ ಜೊತೆಗೇ ಗುನುಗತೊಡಗಿತು.

ಇಲ್ಲಿ ನನ್ನ ಭೌತಶಾಸ್ತ್ರ ಎಚ್ಚರವಾಯಿತು. ಜೋಲಿ ಒಂದು ಲೋಲಕ. ಕೊಂಡಿಯಿಂದ ಗೊಂಬೆಯವರೆಗೆ ಸುಮಾರು 2 ಮೀಟರ್. ಒಂದು ಪೂರ್ಣ ಆಂದೋಲನಕ್ಕೆ ಸುಮಾರು 2.8 ಸೆಕೆಂಡು. ಮಲಗಿರುವುದು ಗೊಂಬೆಯಾದರೂ ಕೂಸಾದರೂ ಆಂದೋಲನದ ಅವಧಿ ತೂಕದಿಂದ ಬದಲಾಗದು. ಉದ್ದವೊಂದೇ ಅದನ್ನು ನಿರ್ಧರಿಸುತ್ತದೆ. ಒಂದು ವಾರ ನಾನು ಹೇಳಿಕೊಡಲಾಗದ ನಿಧಾನ ಲಯವನ್ನು ಸೀರೆಯೇ ಹಿಡಿದುಕೊಟ್ಟಿತು. ಅವಳು ಅವಸರಪಟ್ಟರೂ ಜೋಲಿ ಅವಸರಪಡಲಿಲ್ಲ, ‘ಹಾಗಲ್ಲ’ ಎಂದೂ ಹೇಳಲಿಲ್ಲ.

ಸ್ವಿಟ್ಜರ್ಲೆಂಡಿನ ಸಂಗೀತ ಶಿಕ್ಷಕ ಎಮಿಲ್ ಜಾಕ್-ಡಾಲ್ಕ್ರೋಜ್ (1865–1950) ಲಯವನ್ನು ಮೊದಲು ದೇಹದಲ್ಲಿ, ನಡಿಗೆಯಲ್ಲಿ ಅನುಭವಿಸಬೇಕೆಂದು ಪ್ರತಿಪಾದಿಸಿದರು. ತರಗತಿಯಲ್ಲಿ ಓದಿದ್ದ ಆ ಮಾತು ನನಗೆ ಅರ್ಥವಾದದ್ದು ಜೋಲಿಯ ಪಕ್ಕದಲ್ಲಿ.

ಫಲ ಕೊಟ್ಟ ಚಟುವಟಿಕೆಗಳು

1. ಹೆಜ್ಜೆಗೆ ತಾಳ: ಮಗು ನಡೆಯಬೇಕು, ನಾವು ಅದರ ಹೆಜ್ಜೆಗೆ ಡಬ್ಬ ಬಡಿಯಬೇಕು. ಅದು ನಿಂತರೆ ನಾವೂ ನಿಲ್ಲಬೇಕು. ತನ್ನ ಕಾಲಿಗೆ ತಾಳ ಹೊಂದುತ್ತಿದೆ ಎಂದು ತಿಳಿದಾಗ ಅವಳು ಬೇಕೆಂದೇ ನಿಂತು ನಿಂತು ನಕ್ಕಳು.

2. ಪ್ರಶ್ನೆ–ಉತ್ತರ: ನಾವು ಸೌಟಿನಿಂದ ಎರಡು ಪೆಟ್ಟು, ಮಗು ಎರಡು ಪೆಟ್ಟು. ಅದು ಐದು ಹೊಡೆದರೆ ನಾವೂ ಐದು.

3. ಹೆಡೆ: ಪಂಜೆ ಮಂಗೇಶರಾಯರು (1874–1937) ಶಿಕ್ಷಕರಾಗಿಯೂ ಶಾಲಾ ತನಿಖಾಧಿಕಾರಿಯಾಗಿಯೂ ಮಕ್ಕಳನ್ನು ಹತ್ತಿರದಿಂದ ಕಂಡವರು. ಅವರ ‘ಹಾವಿನ ಹಾಡು’ ಹೇಳುತ್ತ ಅಂಗೈಯನ್ನು ಹೆಡೆಯಂತೆ ಆಡಿಸುವುದು.

4. ಸದ್ದು–ನಿಶ್ಶಬ್ದ: ಹಾಡುವಾಗ ರಾಗಿ ಬಾಟಲಿ ಅಲ್ಲಾಡಿಸುವುದು, ಹಾಡು ನಿಂತಾಗ ಕಲ್ಲಿನಂತೆ ನಿಲ್ಲುವುದು.

ಅವಲೋಕನ

ಎರಡು ವಾರದಲ್ಲಿ ಮೊಬೈಲ್ ಬಿಟ್ಟುಹೋಗಲಿಲ್ಲ. ಕೊನೆಯ ದಿನವೂ ರಾತ್ರಿ ಊಟಕ್ಕೆ ಕೇಳಿದಳು. ಆದರೆ ಜೋಲಿಯ ಬಳಿ, ಬಚ್ಚಲಲ್ಲಿ, ಅಂಗಳದಲ್ಲಿ ತನ್ನಷ್ಟಕ್ಕೆ ಹಾಡಿಕೊಳ್ಳತೊಡಗಿದಳು. ರಾಗ ಇನ್ನೂ ತಪ್ಪುತ್ತಿತ್ತು. ಮೊಬೈಲಿನ ಹಾಡು ಮಗುವಿಗಾಗಿ ಕಾಯುವುದಿಲ್ಲ; ಎದುರಿಗೆ ಕುಳಿತ ಮನುಷ್ಯ ಕಾಯಬಲ್ಲ. ಮನೆಯ ಸಂಗೀತದ ಬಲ ಇರುವುದು ಇಷ್ಟರಲ್ಲೇ; ಅದಕ್ಕೆ ಒಳ್ಳೆಯ ಕಂಠ ಬೇಕಿಲ್ಲ.

ಊರಿಗೆ ಹೊರಡುವ ಹಿಂದಿನ ಸಂಜೆ ಗೊಂಬೆಯನ್ನು ತೂಗುತ್ತ, “ಮಾಮ, ನೀನೂ ಹೇಳು” ಎಂದಳು. ಅಮ್ಮ ಅಡುಗೆಮನೆಯಲ್ಲಿದ್ದರು, ಅಕ್ಕ ಬಾಗಿಲಲ್ಲಿ ನಿಂತಿದ್ದಳು. ದನಿ ತೆಗೆದು ಹೇಳಿದೆ. ಯಾರೂ ನಗಲಿಲ್ಲ.

ರಜೆ ಮುಗಿದು ಬೋಧನಾಭ್ಯಾಸದ ಶಾಲೆಗೆ ಮರಳಿದ್ದೇನೆ. ಆಂದೋಲನದ ಪಾಠವನ್ನು ಜೋಲಿಯಿಂದಲೇ ಆರಂಭಿಸಿದೆ. ಬೆಳಗಿನ ಪ್ರಾರ್ಥನೆಯಲ್ಲಿ ಕೊನೆಯ ಸಾಲಿನಲ್ಲಿ ಬಾಯಿ ಮಾತ್ರ ಆಡಿಸುವ ಇಬ್ಬರು ಹುಡುಗರು ಈಗ ನನ್ನ ಕಣ್ಣಿಗೆ ಬೀಳುತ್ತಾರೆ. ಅವರಿಗೆ ಏನನ್ನೂ ಹೇಳಿಲ್ಲ. ಅವರ ಪಕ್ಕ ನಿಂತು ನಾನೂ ಹಾಡುತ್ತೇನೆ.